ಎರಡು ಮೊಳದ ವೈರು

ಸಣ್ಣತಾಯಮ್ಮನಿಗೆ ಕಿವಿ ಹೋಗಿ ಹದಿನೈದು ವರ್ಷದ ಮೇಲಾಗಿತ್ತು. ಒಂದು ಕೆಟ್ಟ ಜ್ವರ ಬಂದಿತ್ತು. ಹೋಗುವಾಗ ಸುಮ್ಮನೆ ಹೋಗದೆ ಎರಡು ಕಿವಿಯನ್ನೂ ಕಿತ್ತುಕೊಂಡು ಹೋಯಿತು. ಬಾಯಿ ಉಳಿಯಿತು. ತನ್ನ ದನಿ ತನಗೇ ಕೇಳದ ಮೇಲೆ ಅದರ ಅಳತೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಕೂತವರಿಗೆ ಉಪ್ಪು ಕೊಡಿ ಅನ್ನುವುದನ್ನೂ ಅವಳು ಕೆರೆಯಾಚೆ ದನ ಮೇಯಿಸುವವರಿಗೆ ಕೂಗುವ ಹಾಗೆ ಹೇಳುತ್ತಿದ್ದಳು. ಜನ ನಗುತ್ತಿದ್ದರು. ನಗುವುದು ಕಾಣಿಸುತ್ತದಲ್ಲ, ಅದಕ್ಕೆ ಕಿವಿ ಬೇಕಾಗಿಲ್ಲ.

ತುಟಿ ನೋಡಿ ಮಾತು ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ತಾನಾಗಿಯೇ ಪೂರ್ತಿ ಕಲಿತದ್ದು ಒಂದೇ ವಾಕ್ಯ: “ಏನಿಲ್ಲ ಬುಡು, ಆಮೇಲೆ ಯೋಳ್ತೀನಿ.” ಇದೊಂದನ್ನು ಅವಳು ಯಾರ ತುಟಿಯ ಮೇಲೆ ಬೇಕಾದರೂ ಓದಬಲ್ಲಳು, ಎಲೆಅಡಿಕೆ ತುಂಬಿದ ಬಾಯಾಗಲಿ, ಮೀಸೆ ಮುಚ್ಚಿದ ಬಾಯಾಗಲಿ. ಮದುವೆಮನೆಯಲ್ಲಿ ಹೆಂಗಸರು ಗುಂಪು ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ, ಇವಳು ಏನಂತೆ ಅಂತ ಕೇಳುತ್ತಾಳೆ, ಏನಿಲ್ಲ ಬುಡು. ಮೇಲಿನ ಬೀದಿಯಲ್ಲಿ ಜನ ಸೇರಿ ಅಳುತ್ತಿರುತ್ತಾರೆ, ಯಾರು ಹೋದರು ಅಂತ ಕೇಳುತ್ತಾಳೆ, ಆಮೇಲೆ ಯೋಳ್ತೀನಿ. ಆ ‘ಆಮೇಲೆ’ ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಅದರ ಮೇಲೆ ಇದ್ದಷ್ಟು ಕೋಪ ಅವಳಿಗೆ ಆ ಜ್ವರದ ಮೇಲೂ ಇರಲಿಲ್ಲ.

ಹಾಗಂತ ಏನು, ಏನು ಅಂತ ಎಷ್ಟು ಸಾರಿ ಕೇಳುವುದು? ಕೇಳಿ ಕೇಳಿ ಬೇಸತ್ತು ಅವಳು ತಲೆ ಆಡಿಸುವುದನ್ನು ರೂಢಿ ಮಾಡಿಕೊಂಡಳು. ಎದುರಿಗಿದ್ದವರು ಬಾಯಿ ಆಡಿಸಿದರೆ ಇವಳು ತಲೆ ಆಡಿಸುವುದು, ಅವರು ನಕ್ಕರೆ ಇವಳೂ ನಗುವುದು. ಅವರಿಗೂ ಸಲೀಸು, ಇವಳಿಗೂ ಸಲೀಸು.

ಗಂಡ ಮಾದೇವ ಇದ್ದಷ್ಟು ದಿನ ಕೈಸನ್ನೆ ಮಾಡಿಯೋ, ನೆಲದ ಮೇಲೆ ಕಡ್ಡಿಯಲ್ಲಿ ಬರೆದೋ ಹೇಗೋ ತಿಳಿಸುತ್ತಿದ್ದ. ಅವಳು ಏಳನೇ ಕ್ಲಾಸಿನವರೆಗೆ ಓದಿದ್ದು ಆಗ ಉಪಯೋಗಕ್ಕೆ ಬಂದಿತ್ತು. ಅವನು ತೀರಿಕೊಂಡು, ಮಗಳು ಸುಕನ್ಯ ಮದುವೆಯಾಗಿ ಗಾವಡಗೆರೆ ಸೇರಿದ ಮೇಲೆ ಅವಳಿಗೆ ಕಿವಿಯಾಗಿ ನಿಂತವನು ಮಾದೇವನ ತಮ್ಮ ಲಿಂಗರಾಜು. ಇಬ್ಬರ ಮನೆಗೂ ನಡುಗೋಡೆ ಒಂದೇ, ಬಾಗಿಲು ಬೇರೆ. ಡೇರಿಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ, “ನಮ್ಮತ್ಗೆಗೆ ಕೇಳ್ಸಕಿಲ್ಲ, ಏನಿದ್ರೂ ನಂಗೇ ಯೋಳಿ” ಎಂದು ಅವನು ಮುಂದೆ ಬರುತ್ತಿದ್ದ. ಎಂಥ ಮೈದುನ ಅಂತ ಜನ ಮೆಚ್ಚಿಕೊಂಡರು. ಅವಳೂ ಒಂದಷ್ಟು ಕಾಲ ಮೆಚ್ಚಿಕೊಂಡಿದ್ದಳು. ಜನ ಹೇಳಿದ್ದೆಲ್ಲ ಅವನಲ್ಲೇ ನಿಂತುಬಿಡುತ್ತಿತ್ತು, ಇವಳವರೆಗೆ ಬರುತ್ತಿರಲಿಲ್ಲ; ಈಗ ಆ ಮೆಚ್ಚಿಕೆಯನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತಿತ್ತು.

ಫೋನು ಬಂದದ್ದು ಸುಕನ್ಯಳಿಂದ. ಅಳಿಯ ಹೊಸದು ತಂದುಕೊಟ್ಟಾಗ ಅವಳು ತನ್ನ ಹಳೆಯದನ್ನು ಅವ್ವನ ಕೈಗಿಟ್ಟಳು, ಮೊಮ್ಮಗುವಿನ ಮುಖವನ್ನಾದರೂ ವಿಡಿಯೋದಲ್ಲಿ ನೋಡಿಕೊಳ್ಳಲಿ ಅಂತ. ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಕಂಡವನೇ ಲಿಂಗರಾಜು ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕ. ಕಿವಿಯ ಹತ್ತಿರ ಕೈ ಇಟ್ಟುಕೊಂಡು ಹಲೋ ಹಲೋ ಅಂತ ಬಾಯಿ ಮಾಡಿ ತೋರಿಸಿದ. ಕಿವುಡಿಗೆ ಫೋನು! ಅವತ್ತು ಅವಳೂ ರೂಢಿಯಂತೆ ನಕ್ಕಳು. ಆಮೇಲೆ ಒಳಗೆ ಹೋಗಿ ಫೋನನ್ನು ಸೆರಗಿನಲ್ಲಿ ಒರೆಸಿ, “ಇರು, ನಿನ್ನ ನೋಡ್ಕತೀನಿ” ಎಂದಳು. ಹೇಳಿದ್ದು ಫೋನಿಗೋ ಮೈದುನನಿಗೋ, ಅಂತೂ ನಡುಗೋಡೆಯಾಚೆ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಮೊದಲನೇ ತೊಂದರೆ ಎಂದರೆ ಮಗಳು ಕರೆದರೆ ಗೊತ್ತಾಗುತ್ತಿರಲಿಲ್ಲ. ಹತ್ತಿರದ ಪೇಟೆ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲುವ ಕಡೆ ಶೃತಿ ಎಂಬ ಹೆಣ್ಣುಮಗಳ ಮೊಬೈಲ್ ಅಂಗಡಿ ಇತ್ತು. ರೀಚಾರ್ಜು, ಗಾಜು ಬದಲಿಸುವುದು, ಹಿಂದಿನ ಕವರು, ಎಲ್ಲ ಅವಳೊಬ್ಬಳದೇ ಕೆಲಸ. ಸಣ್ಣತಾಯಮ್ಮ ಸೀದಾ ಹೋಗಿ ಫೋನನ್ನು ಕೌಂಟರಿನ ಮೇಲೆ ಇಟ್ಟಳು.

“ಕಿವಿ ಕೇಳ್ಸಕಿಲ್ಲ ಕಣವ್ವ. ಕಣ್ಣು ನೆಟ್ಟಗದೆ, ಮೈ ನೆಟ್ಟಗದೆ. ಇದು ಕೂಗುದ್ರೆ ನಂಗೆ ಗೊತ್ತಾಗಂಗೆ ಮಾಡ್ಕೊಡು!”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಶೃತಿ ಮಾತ್ರ ನಗಲಿಲ್ಲ. ಕವರಿನ ರಟ್ಟೊಂದನ್ನು ಹರಿದು ಅದರ ಹಿಂದೆ ‘ಕೂತ್ಕೊಳಿ ಅಮ್ಮ, ಮಾಡೋಣ’ ಎಂದು ಬರೆದು ತೋರಿಸಿದಳು.

ಅವತ್ತು ಮಾಡಿದ್ದು ಇಷ್ಟೇ: ಕರೆ ಬಂದರೆ ಕ್ಯಾಮೆರಾದ ಲೈಟು ಪಳಪಳ ಮಿನುಗುವ ಹಾಗೆ. ಮುಂದಿನ ಸಾರಿ ಹೋದಾಗ ಸಣ್ಣತಾಯಮ್ಮನ ಬೇಡಿಕೆ ಬೆಳೆದಿತ್ತು. ಹೊಲದಲ್ಲಿ ಬಗ್ಗಿ ಕಳೆ ಕೀಳುವಾಗ ಲೈಟು ಯಾರಿಗೆ ಕಾಣುತ್ತದೆ? ಹಾಗಾಗಿ ಶೃತಿ ಒಬ್ಬೊಬ್ಬರ ಕರೆಗೆ ಒಂದೊಂದು ಬಗೆಯ ನಡುಕ ಇಟ್ಟುಕೊಟ್ಟಳು. ಮಗಳದು ಎರಡು ಗಿಡ್ಡ, ಒಂದು ಉದ್ದ. ಲಿಂಗರಾಜುವಿನದು ಬಿಡದೆ ಗುರ್ರ್ ಅನ್ನುವುದು, ಅದನ್ನು ಸಣ್ಣತಾಯಮ್ಮನೇ ಆರಿಸಿದಳು. ಹಳೇ ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದು ಫೋನನ್ನು ಸೊಂಟಕ್ಕೆ ಕಟ್ಟಿಕೊಂಡಳು. ಅಕ್ಷರ ದಪ್ಪ ಮಾಡಿಸಿಕೊಂಡಳು, ಕನ್ನಡದಲ್ಲಿ ಮಾಡಿಸಿಕೊಂಡಳು, ಬಿಸಿಲಲ್ಲಿ ಕಾಣುವ ಬಣ್ಣ ಹಾಕಿಸಿಕೊಂಡಳು. ಆಟ, ಜಾಹೀರಾತು, ಯಾರೋ ಯಾವಾಗಲೋ ಹಾಕಿದ್ದ ಹಾಳುಮೂಳು, ಎಲ್ಲವನ್ನೂ ಬೆಳಿಗ್ಗೆ ಅಂಗಳ ಗುಡಿಸುವ ಹುರುಪಿನಲ್ಲಿ ಗುಡಿಸಿ ಹಾಕಿಸಿದಳು. ನಾಯಿ ಬೊಗಳಿದರೆ ತಾನೇ ತಿಳಿದುಕೊಂಡು ನಡುಗುವ ವಿದ್ಯೆ ಫೋನಿನಲ್ಲಿದೆ ಅಂತ ಶೃತಿ ತೋರಿಸಿದ ದಿನ ಅವಳು ಖುಷಿಗೆ ಅಲ್ಲೇ ಕೂಗಿದ್ದಕ್ಕೆ, ಎದುರಿನ ಹೋಟೆಲಿನವನು ಏನೋ ಆಯಿತೆಂದು ಹೊರಗೆ ಓಡಿಬಂದ.

ಆದರೆ ನಿಜವಾಗಿ ಕಣ್ಣು ತೆರೆದದ್ದು ಇನ್ನೊಂದು ದಿನ. ಶೃತಿ ಫೋನಿನ ಸೆಟ್ಟಿಂಗಿನ ತಳದಲ್ಲಿ ಯಾರೂ ಹೋಗದ ಒಂದು ಮೂಲೆಗೆ ಹೋಗಿ ಏನೋ ಒತ್ತಿ, ಫೋನನ್ನು ಇಬ್ಬರ ನಡುವೆ ಇಟ್ಟು ಬಾಯಿ ಆಡಿಸಿದಳು. ಗಾಜಿನ ಮೇಲೆ ಅಕ್ಷರ ಎದ್ದು ಬಂತು: ‘ಅಮ್ಮ ಟೀ ಕುಡೀತೀರಾ’.

ಸಣ್ಣತಾಯಮ್ಮ ಅದನ್ನು ನೋಡುತ್ತ ಕೂತಳು. ಶೃತಿಯ ಕೈ ಆಡಿರಲಿಲ್ಲ. ಯಾರೂ ಬರೆದಿರಲಿಲ್ಲ. ಮಾತೇ ಬರವಣಿಗೆಯಾಗಿ ಬಂದಿತ್ತು. ಅವಳ ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಬಂತು: ‘ಪಾಪ ಕಿವುಡಿಗೆ ಇದೆಲ್ಲ ಯಾಕೆ ಬೇಕು’. ಅವಳು ಸರಕ್ಕನೆ ತಿರುಗಿ ಹಿಂದೆ ನಿಂತಿದ್ದ ಗಿರಾಕಿಯನ್ನು ನೋಡಿ, “ನಿನ್ನಂತೋರು ಏನಂತೀರಿ ಅಂತ ತಿಳ್ಕಳಕ್ಕೆ ಬೇಕು ಕಣಪ್ಪ!” ಎಂದಳು. ಆ ಮನುಷ್ಯ ರೀಚಾರ್ಜನ್ನೂ ಮಾಡಿಸದೆ ಬಸ್ಸು ಹತ್ತಿದ.

ಫೋನು ಬರೆಯುವುದರಲ್ಲಿ ಅರ್ಧ ಸರಿ ಇರುತ್ತಿತ್ತು, ಇನ್ನರ್ಧವನ್ನು ಅವಳೇ ಕೂಡಿಸಿಕೊಳ್ಳಬೇಕಾಗಿತ್ತು. ಹಳ್ಳಿಯ ಮಾತು ಅದಕ್ಕೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಮೇಲಾಗಿ ಅದಕ್ಕೆ ನೆಟ್ ಬೇಕು. ಅವಳ ಊರೊಳಗೆ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು; ಅದು ನೆಟ್ಟಗೆ ನಿಲ್ಲುವುದು ಊರಾಚೆ ದಿಬ್ಬದ ಮೇಲೆ, ಹುಣಸೆಮರದ ಅಡಿಯಲ್ಲಿ ಮಾತ್ರ. ಮುಖ್ಯವಾದ ಮಾತಿದ್ದವರೆಲ್ಲ ಅಲ್ಲಿಗೆ ಬಂದು ನಿಂತು ಫೋನು ಮಾಡುತ್ತಿದ್ದರು. ಸಣ್ಣತಾಯಮ್ಮ ಎಮ್ಮೆಯನ್ನು ಪಕ್ಕದಲ್ಲಿ ಮೇಯಲು ಬಿಟ್ಟು ಮರದ ಬುಡಕ್ಕೆ ಒರಗಿ ಕೂರುತ್ತಿದ್ದಳು, ಫೋನು ತೊಡೆಯ ಮೇಲೆ. ಅವಳು ಗೇಮ್ ಆಡುತ್ತಿದ್ದಾಳೆ ಅಂತ ಎಲ್ಲರೂ ತಿಳಿದರು. ಯಾರ ಹಸು ಕರು ಹಾಕಿತು, ಯಾರ ಮಗಳು ಗಂಡನ ಮನೆಯಿಂದ ಮುನಿಸಿಕೊಂಡು ಬಂದಳು, ಎಲ್ಲ ತಿಳಿಯತೊಡಗಿತು. ಕದ್ದು ಕೇಳುವುದು ತಪ್ಪಲ್ಲವೆ ಅಂದರೆ, ಇಷ್ಟು ವರ್ಷ ಅವಳ ಮುಂದೆಯೇ ಅವಳನ್ನು ಆಡಿಕೊಂಡವರು ಮೊದಲು ಅದಕ್ಕೆ ಉತ್ತರ ಹೇಳಲಿ.

ಹೀಗಿರುವಾಗ ಒಂದು ಮಧ್ಯಾಹ್ನ ಲಿಂಗರಾಜು ದಿಬ್ಬ ಹತ್ತಿ ಬಂದ. ಅತ್ತಿಗೆಯನ್ನು ನೋಡಿ ನಕ್ಕು, ಎರಡು ಹೆಜ್ಜೆ ಆಚೆ ನಿಂತು ಫೋನು ಕಿವಿಗಿಟ್ಟುಕೊಂಡ. ಕಿವುಡಿಯ ಮುಂದೆ ದನಿ ತಗ್ಗಿಸುವುದು ಯಾತಕ್ಕೆ? ಸಣ್ಣತಾಯಮ್ಮನ ತೊಡೆಯ ಮೇಲೆ ಅಕ್ಷರ ಸಾಲು ಸಾಲಾಗಿ ಬಂತು. ಮುರಿದಿದ್ದನ್ನೆಲ್ಲ ಕೂಡಿಸಿಕೊಂಡರೆ ಅದು ಹೇಳಿದ್ದು ಇಷ್ಟು: ಆಚೆ ಕಡೆ ಇದ್ದವರು ಶುಂಠಿ ಬೆಳೆಯುವ ಕೇರಳದವರು, ಲಿಂಗರಾಜು ತನ್ನ ಹೊಲವನ್ನು ಅವರಿಗೆ ಗುತ್ತಿಗೆ ಕೊಡುತ್ತಾನೆ, ಬದುವಿನ ಮೇಲಿನ ಗಾಡಿದಾರಿಯನ್ನೂ ಸೇರಿಸಿ ಬೇಲಿ ಹಾಕುತ್ತಾನೆ. ಮಿಕ್ಕದ್ದು ಅವನ ಮಾತಿನಲ್ಲೇ: ಅತ್ತಿಗೆಯದು ಏನೂ ತಕರಾರಿಲ್ಲ, ಯುಗಾದಿ ದಿನವೇ ಕೇಳಿದ್ದೆ, ತಲೆ ಆಡಿಸಿದಳು. ದಾರಿ ಇಲ್ಲದ ಹೊಲ ಇಟ್ಟುಕೊಂಡು ಅವಳೇನು ಮಾಡುತ್ತಾಳೆ, ಅದೂ ನನ್ನ ಕೈಗೇ ಬರುತ್ತದೆ. ಬಂದ ಮೇಲೆ ಅದನ್ನೂ ನಿಮಗೇ ಕೊಡುತ್ತೇನೆ.

ಸಣ್ಣತಾಯಮ್ಮನ ಹೊಲ ಲಿಂಗರಾಜುವಿನ ಹೊಲದ ಹಿಂದಿತ್ತು. ಹೋಗಿಬರಲು ಇದ್ದದ್ದು ಆ ಬದುವಿನ ದಾರಿ ಒಂದೇ. ರಾಗಿ, ಅವರೆ, ಎಮ್ಮೆಗೆ ಹುಲ್ಲು, ಅವಳ ಬದುಕೆಲ್ಲ ಆ ಹೊಲದಲ್ಲಿತ್ತು. ಯುಗಾದಿ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅವನು ಬಾಗಿಲಲ್ಲಿ ನಿಂತು ಏನೋ ಕೇಳಿದ್ದ. ಒಬ್ಬಟ್ಟು ಆಯ್ತಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು ಅವಳು ತಲೆ ಆಡಿಸಿ, ಬಿಸಿ ಒಬ್ಬಟ್ಟನ್ನು ತುಪ್ಪ ಸವರಿ ಕೊಟ್ಟಿದ್ದಳು. ಅವನು ತಿಂದು ಹೋಗಿದ್ದ.

“ಯಾರಪ್ಪ ಫೋನ್ನಲ್ಲಿ?” ಎಂದು ಕೇಳಿದಳು.

ಲಿಂಗರಾಜುವಿನ ತುಟಿ ಆಡಿತು. ಅದನ್ನು ಓದಲು ಅವಳಿಗೆ ಫೋನು ಬೇಕಾಗಲಿಲ್ಲ. ಏನಿಲ್ಲ ಬುಡು ಅತ್ಗೆ, ಆಮೇಲೆ ಯೋಳ್ತೀನಿ.

ಎರಡು ದಿನ ಕಳೆಯುವಷ್ಟರಲ್ಲಿ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನಿಂತು ಮುಳ್ಳುತಂತಿ ಬಿಗಿಯಿತು. ಸಣ್ಣತಾಯಮ್ಮ ಗೊಬ್ಬರದ ಮಂಕರಿ ಹೊತ್ತು ಹೋದವಳು ತಂತಿಯ ಈಚೆ ನಿಂತು ತನ್ನ ಹೊಲವನ್ನು ನೋಡಿದಳು. ಮಂಕರಿಯನ್ನು ಅಲ್ಲೇ ತಂತಿಯ ಬುಡಕ್ಕೆ ಸುರಿದು, ಮನೆಗೆ ಬಂದು ಕೈಕಾಲು ತೊಳೆದು, ವೀಳ್ಯದೆಲೆ ಅಡಿಕೆ ತೆಗೆದುಕೊಂಡು ಊರ ಯಜಮಾನ ಮಂಚಯ್ಯನ ಮನೆಗೆ ನಡೆದಳು. ಎಲೆಅಡಿಕೆ ಕೊಟ್ಟರೆ ನ್ಯಾಯ ಸೇರಿಸಲೇಬೇಕು, ಅದು ಊರಿನ ಕಟ್ಟು. ಹೆಂಗಸೊಬ್ಬಳು ತಾನೇ ತಂದು ಕೊಟ್ಟಿದ್ದನ್ನು ಮಂಚಯ್ಯ ಕಂಡಿರಲಿಲ್ಲ. ಲಿಂಗರಾಜು ಎಲ್ಲಿ ಅಂತ ಅವಳ ಬೆನ್ನ ಹಿಂದೆ ಇಣುಕಿ ಹುಡುಕಿದ. “ಅವ್ನ ಮ್ಯಾಲೇ ನ್ಯಾಯ ಕಣಣ್ಣ” ಎಂದಳು. ಬೀದಿಗೆಲ್ಲ ಕೇಳಿಸಿತು.

ಹ್ಯಾಂಡ್‌ಪೋಸ್ಟಿನಲ್ಲಿ ಶೃತಿ ಎಲ್ಲವನ್ನೂ ಕೇಳಿಕೊಂಡಳು. ದಿಬ್ಬದ ಮೇಲೆ ಅವನು ಆಡಿದ ಮಾತು ಫೋನಿನಲ್ಲಿ ಇನ್ನೂ ಉಳಿದಿದೆ, ಅದನ್ನೇ ತೋರಿಸಿಬಿಡಿ, ಒಂದೇ ಏಟಿಗೆ ಮುಗಿಯುತ್ತದೆ ಎಂದಳು. ಅದು ಗಾಜಿನ ಮೇಲೆ ಬರುತ್ತಿದ್ದ ಹಾಗೆಯೇ ಸಣ್ಣತಾಯಮ್ಮ ತಲೆ ಅಡ್ಡಡ್ಡ ಆಡಿಸಿದಳು.

“ಕದ್ದು ಓದಿದ್ದು ಬ್ಯಾಡ ಕಣವ್ವ. ಅವ್ನು ನನ್ನೆದ್ರು ಕುಂತು ನಂಗೆ ತಿಳಿಯಂಗೆ ಯೋಳ್ಬೇಕು. ಇಷ್ಟು ವರ್ಸ ಒಬ್ಬ್ರಾದ್ರೂ ಯೋಳವ್ರಾ?”

ಶೃತಿ ಡ್ರಾಯರಿನಿಂದ ಒಂದು ಇಯರ್‌ಫೋನು ತೆಗೆದಳು. ಸಣ್ಣತಾಯಮ್ಮನ ಹುಬ್ಬು ಮೇಲೇರಿತು. ನನಗಾ ಇದು? ಶೃತಿ ನಗುತ್ತ ಕಿವಿಗಿಡುವ ಎರಡು ತುದಿಯನ್ನೂ ಕತ್ತರಿಯಲ್ಲಿ ಕಚಕ್ಕೆಂದು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದಳು. ಉಳಿದದ್ದು ವೈರು, ಅದರ ಮೇಲೆ ಅವರೆಕಾಳಿನಷ್ಟು ಒಂದು ಮೈಕು. ಅದನ್ನು ತನ್ನ ಬಾಯಿಯ ಹತ್ತಿರ ಹಿಡಿದು ಮಾತಾಡಿದಳು. ಪಕ್ಕದಲ್ಲಿ ಬಸ್ಸು ಹಾರ್ನು ಬಾರಿಸುತ್ತಿದ್ದರೂ ಅಕ್ಷರ ತಪ್ಪಿಲ್ಲದೆ ಬಂತು: ‘ಫೋನು ನಿಮ್ಮ ಕೈಯಲ್ಲೇ ಇರಲಿ. ಮಾತಾಡೋರು ಇದನ್ನ ಹಿಡ್ಕೊಂಡು ಮಾತಾಡಲಿ’.

ವೈರು ಇದ್ದದ್ದು ಎರಡು ಮೊಳ. ಅದರ ಅರ್ಥ ಏನೆಂದು ಸಣ್ಣತಾಯಮ್ಮನಿಗೆ ಆಗಲೇ ಹೊಳೆದು, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಒಬ್ಬಳೇ ನಗುತ್ತಿದ್ದಳು.

ನ್ಯಾಯದ ದಿನ ಸಾಯಂಕಾಲ ಅರಳಿಕಟ್ಟೆಯ ಮೇಲೆ ಗಂಡಸರು ಸೇರಿದರು. ಹೆಂಗಸರು ದೂರದಲ್ಲಿ ಗೋಡೆ ಬದಿ ನಿಂತರು. ಸಣ್ಣತಾಯಮ್ಮನ ಜಾಗವೂ ಅಲ್ಲೇ ಅಂತ ಎಲ್ಲರೂ ತಿಳಿದಿದ್ದರು. ಅವಳು ಬಂದು ಕಟ್ಟೆಯ ಮುಂದೆ ನಿಂತಳು. ಮಂಚಯ್ಯ ಕರ್ಪೂರ ಹಚ್ಚಿ ಮಾತು ಶುರು ಮಾಡಿದ. ಎಲ್ಲರ ಬಾಯಿಯೂ ಒಟ್ಟಿಗೇ ಆಡತೊಡಗಿತು. ಫೋನಿನಲ್ಲಿ ಒಂದು ಉಂಗುರ ಸುತ್ತುತ್ತಿತ್ತೇ ಹೊರತು ಒಂದಕ್ಷರ ಬರಲಿಲ್ಲ.

“ಇಲ್ಲಿ ಆಗಕಿಲ್ಲ” ಎಂದಳು ಅವಳು. “ಸಿಗ್ನಲ್ ಇಲ್ಲ. ಎಲ್ಲಾರೂ ದಿಬ್ಬುಕ್ಕೆ ಬನ್ನಿ.”

ಕಟ್ಟೆಯ ಮೇಲೆ ಗಲಾಟೆ ಎದ್ದದ್ದು ಅವಳಿಗೆ ಕಂಡಿತು. ಲಿಂಗರಾಜು ತಲೆಯ ಪಕ್ಕ ಬೆರಳು ತಿರುಗಿಸಿ ಅತ್ತಿಗೆಗೆ ಹೀಗಾಗಿದೆ ಅಂತ ತೋರಿಸಿದ. ಮಂಚಯ್ಯ ಕಟ್ಟೆಯ ಕಲ್ಲನ್ನು ಅಂಗೈಯಲ್ಲಿ ತಟ್ಟಿ, ಮೇಲೆ ಅರಳಿಮರ ತೋರಿಸಿ, ಕೈ ಅಲ್ಲಾಡಿಸಿದ. ನ್ಯಾಯ ಕಟ್ಟೆ ಬಿಟ್ಟು ಇಳಿಯುವುದಿಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಇಳಿದಿಲ್ಲ.

“ಮಂಚಯ್ಯಣ್ಣ, ನಮ್ಮನೆಯೋರು ತೀರ್ಕಂಡ್ ಮ್ಯಾಲೆ ಇದೇ ಕಟ್ಟೇಲಿ ನಮ್ಮನೆ ಪಾಲಿನ ನ್ಯಾಯ ಮಾಡುದ್ರಿ. ನಾನು ಅಗೋ ಆ ಗೋಡೆ ತಾವ ನಿಂತಿದ್ದೆ. ಏನಾಯ್ತು ಅಂತ ನಂಗೆ ಇವತ್ತುಗೂ ಗೊತ್ತಿಲ್ಲ. ನ್ಯಾಯ ಕಟ್ಟೆಗೋ ನಂಗೋ? ಕಟ್ಟೆಗಾದ್ರೆ ಇಲ್ಲೇ ಮಾಡ್ಕಳಿ. ನಂಗಾದ್ರೆ ದಿಬ್ಬುಕ್ಕೆ ಬನ್ನಿ. ನಾನು ಓಯ್ತಿವ್ನಿ.”

ಹೊರಟೇ ಬಿಟ್ಟಳು. ಬೀದಿ ದಾಟಿದಳು, ನೀರಿನ ಟ್ಯಾಂಕು ದಾಟಿದಳು. ಹಿಂದೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಕಿವಿ ಇದ್ದವರಿಗೆ ಹೆಜ್ಜೆ ಸಪ್ಪಳ ಹೇಳುತ್ತದೆ, ಇವಳಿಗೆ ತಿರುಗಿ ನೋಡಿದರಷ್ಟೇ ಉಂಟು. ತಿರುಗಿ ನೋಡಬಾರದು ಅಂತ ಹಲ್ಲು ಕಚ್ಚಿದಳು. ನೋಡಿದರೆ ಬೇಡಿಕೊಂಡ ಹಾಗಾಗುತ್ತದೆ. ಯಾರೂ ಬಾರದಿದ್ದರೆ ಹೊಲ ಹೋಯಿತು, ಹೊಲದ ಜೊತೆಗೆ ಊರಿನಲ್ಲಿ ತಲೆಯೆತ್ತಿ ತಿರುಗುವುದೂ ಹೋಯಿತು. ಆದರೂ ನೋಡಲಿಲ್ಲ. ದಿಬ್ಬ ಹತ್ತಿ, ಮಧ್ಯಾಹ್ನವೇ ಅಲ್ಲಿ ಮೇಯಲು ಕಟ್ಟಿ ಹೋಗಿದ್ದ ಎಮ್ಮೆಯನ್ನು ದಾಟಿ, ಹುಣಸೆಮರದ ಬುಡದಲ್ಲಿ ಟವೆಲು ಹಾಸಿ, ಕೂತು, ಚೀಲದಿಂದ ಫೋನು ತೆಗೆದು, ಆಮೇಲೆ ತಲೆ ಎತ್ತಿದಳು.

ಮಂಚಯ್ಯ ಏದುಸಿರು ಬಿಡುತ್ತ ದಿಬ್ಬ ಏರುತ್ತಿದ್ದ, ಬಗಲಲ್ಲಿ ಸುತ್ತಿದ ಚಾಪೆ. ಅವನ ಹಿಂದೆ ಊರಿಗೆ ಊರೇ ಇತ್ತು. ದೂರ ನಿಲ್ಲಬೇಕಾದ ಹೆಂಗಸರೂ ಗಂಡಸರ ಜೊತೆಗೆ ಕಲೆತು ಬರುತ್ತಿದ್ದರು. ದಿಬ್ಬದ ಮೇಲೆ ದೂರ ಯಾವುದು ಹತ್ತಿರ ಯಾವುದು ಅಂತ ಯಾರೂ ಕಟ್ಟು ಮಾಡಿರಲಿಲ್ಲ.

“ಒಬ್ಬೊಬ್ರೇ” ಎಂದಳು ಸಣ್ಣತಾಯಮ್ಮ, ಮೈಕಿನ ವೈರನ್ನು ಎತ್ತಿ ಹಿಡಿದು. “ಇದು ಯಾರ ಕೈಲದೋ ಅವ್ರೊಬ್ರೇ ಮಾತು. ಮಿಕ್ಕೋರು ಬಾಯ್ಮುಚ್ಕಂಡು ಕುಂತ್ಕಬೇಕು.”

ಮಂಚಯ್ಯ ನಿಂತಲ್ಲಿಂದಲೇ ಕೈ ಚಾಚಿದ. ವೈರು ಎಟುಕಲಿಲ್ಲ. ಅವಳು ಪಕ್ಕದ ನೆಲವನ್ನು ತಟ್ಟಿ ತೋರಿಸಿದಳು. ಊರ ಯಜಮಾನ ಒಬ್ಬ ಹೆಂಗಸಿನ ಪಕ್ಕ, ಅದೂ ಬರಿ ನೆಲದ ಮೇಲೆ, ಅದೂ ಎಲ್ಲರ ಎದುರು! ಅವನು ಅತ್ತ ನೋಡಿದ, ಇತ್ತ ನೋಡಿದ. ಚಾಪೆಯನ್ನು ಅವಳ ಪಕ್ಕಕ್ಕೆ ಎಸೆದು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೂತ. ಮೈಕನ್ನು ಎರಡು ಬೆರಳಲ್ಲಿ ಹಿಡಿದು ಗಂಟಲು ಸರಿಮಾಡಿಕೊಂಡು, ರೇಡಿಯೋದ ವಾರ್ತೆಯವರ ಕನ್ನಡದಲ್ಲಿ ಮಾತಾಡಿದ. ಅಕ್ಷರ ಬಂತು: ‘ಸಣ್ಣತಾಯಮ್ಮನವರೇ ತಮ್ಮ ದೂರು ಏನು ಎಂದು ತಿಳಿಸಬೇಕು’.

ಇಷ್ಟು ವರ್ಷದಲ್ಲಿ ಮೊದಲನೇ ಸಲ ಊರು ಅವಳನ್ನು ಅವಳ ವಿಷಯ ಕೇಳಿತ್ತು. ಅವಳು ಹೇಳಿದಳು. ದಿಬ್ಬದಿಂದ ಕೆಳಗೆ ಬದುವಿನ ದಾರಿ, ಕಲ್ಲುಕಂಬ, ಅದರ ಬುಡದಲ್ಲಿ ಅವಳೇ ಸುರಿದ ಗೊಬ್ಬರ ಎಲ್ಲ ಕಾಣುತ್ತಿತ್ತು, ಕೈ ಮಾಡಿ ತೋರಿಸಿದಳು. ಅತ್ತೆಯ ಕಾಲದಿಂದ ಗಾಡಿ ಓಡಾಡಿದ ದಾರಿ ಅದು, ನನ್ನನ್ನು ಕೇಳದೆ ಮುಚ್ಚಿದ್ದಾನೆ ಎಂದಳು.

ಲಿಂಗರಾಜುವಿನ ಸರದಿ ಬಂತು. ಅವನು ಪಕ್ಕದಲ್ಲಿ ಕೂತು ಮುಖವನ್ನು ಜನರ ಕಡೆ ಮಾಡಿಕೊಂಡು ಮಾತಾಡಿದ: ‘ಅತ್ತಿಗೆ ಒಪ್ಪಿದ್ದಾಳೆ ಯುಗಾದಿ ದಿನ ಅವಳನ್ನು ಕೇಳಿದ್ದೆ’.

“ಅವಳು ಅನ್ಬ್ಯಾಡ ಕಣಪ್ಪ. ನಾನು ಇಲ್ಲೇ ಕುಂತಿವ್ನಿ. ನನ್ ಮುಖ ನೋಡ್ಕಂಡು ನೀನು ಅನ್ನು.”

ಲಿಂಗರಾಜು ತಿರುಗಿದ. ಅವನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ. ‘ನೀನು ಒಪ್ಪಿದ್ದೆ ಅತ್ತಿಗೆ ನಾನು ಕೇಳಿದೆ ನೀನು ತಲೆ ಆಡಿಸಿದೆ ಇಲ್ಲ ಅನ್ನು ನೋಡೋಣ’.

ಜನ ಅವಳ ಮುಖವನ್ನೇ ನೋಡುತ್ತಿದ್ದರು. ಆಡಿಸಲಿಲ್ಲ ಅಂದುಬಿಟ್ಟರೆ ಮುಗಿಯುತ್ತಿತ್ತು, ಯುಗಾದಿ ದಿನ ಬಾಗಿಲಲ್ಲಿ ಇನ್ಯಾರಿದ್ದರು? ಆದರೆ ಅವನ ಸುಳ್ಳಿಗೆ ತಾನೂ ಒಂದು ಸುಳ್ಳು ಕೊಡುವುದು ಅವಳಿಗೆ ಬೇಕಿರಲಿಲ್ಲ.

“ಊಂ, ತಲೆ ಆಡ್ಸುದೆ” ಎಂದಳು. ಲಿಂಗರಾಜುವಿನ ಮುಖ ಅರಳಿತು. ಮಂಚಯ್ಯ ಆಯಿತಲ್ಲ ಅನ್ನುವ ಹಾಗೆ ಕೈ ಎತ್ತಿದ.

“ತಡೀರಿ. ಚೆಲುವಯ್ಯಣ್ಣ, ಒಸಿ ಮುಂದುಕ್ ಬನ್ನಿ.”

ಪಕ್ಕದ ಬೀದಿಯ ಚೆಲುವಯ್ಯ ತಮಾಷೆಯ ಮನುಷ್ಯ, ಎಲ್ಲಿದ್ದರೂ ಎದ್ದು ಕಾಣುವವನು. ಅವನು ಬಂದು ನಿಂತ. ಸಣ್ಣತಾಯಮ್ಮ ವೈರನ್ನು ಫೋನಿನಿಂದ ಕಿತ್ತು, ಫೋನನ್ನು ಬೋರಲು ಹಾಕಿದಳು. “ಈಗ ನಂಗೆ ಏನಾದ್ರೂ ಕೇಳಿ. ಏನ್ ಬೇಕಾದ್ರೂ.”

ಚೆಲುವಯ್ಯ ಬಾಯಿ ಆಡಿಸಿದ. ಸಣ್ಣತಾಯಮ್ಮ ಮುಗುಳ್ನಕ್ಕು ತಲೆ ಆಡಿಸಿದಳು. ಅವನು ಇನ್ನೊಂದು ಕೇಳಿದ. ಮತ್ತೆ ಆಡಿಸಿದಳು. ಅವಳು ದಿನಾ ಬೀದಿಯಲ್ಲಿ, ಡೇರಿಯಲ್ಲಿ, ಅವರೆಲ್ಲರಿಗೂ ಹೇಗೆ ಆಡಿಸುತ್ತಿದ್ದಳೋ ಹಾಗೇ. ಜನರ ಭುಜ ನಗೆಗೆ ಕುಣಿಯತೊಡಗಿತು. ಅವಳು ಫೋನನ್ನು ತಿರುಗಿಸಿ ವೈರು ಸಿಕ್ಕಿಸಿ ಮೈಕನ್ನು ಅವನ ಕಡೆ ಚಾಚಿದಳು. “ಈಗ ಯೋಳಿ. ನಾನು ಏನೇನ್ ಒಪ್ಕಂಡೆ?”

ಚೆಲುವಯ್ಯ ನಗು ತಡೆದುಕೊಳ್ಳುತ್ತ ಕೂತು ಹೇಳಿದ: ‘ಮೊದಲು ನಿನ್ನ ಎಮ್ಮೆ ನನಗೆ ಕೊಡ್ತೀಯ ಅಂತ ಕೇಳಿದೆ ನೀನು ತಲೆ ಆಡಿಸಿದೆ. ಆಮೇಲೆ ನಿನ್ನ ಮನೆ ಕೊಡ್ತೀಯ ಅಂತ ಕೇಳಿದೆ ಅದಕ್ಕೂ ತಲೆ ಆಡಿಸಿದೆ’.

“ಅಂಗಾದ್ರೆ ಓಗಿ!” ಸಣ್ಣತಾಯಮ್ಮ ಎದ್ದು ನಿಂತಳು. ಅವಳ ದನಿ ಈಗ ನಿಜವಾಗಿ ಕೆರೆಯಾಚೆಗೂ ಮುಟ್ಟಿರಬೇಕು. “ಎಮ್ಮೆ ಅಗೋ ಅಲ್ಲದೆ, ಬಿಚ್ಕಂಡು ಓಗಿ! ಮನೆ ಬೀಗುದ್ ಕೈ ತಕ್ಕಳಿ! ಮೈದ್ನುಂಗೆ ತಲೆ ಆಡ್ಸಿದ್ದಕ್ಕೆ ಹೊಲ ಓಗೋದಾದ್ರೆ ನಿಮ್ಗೆ ತಲೆ ಆಡ್ಸಿದ್ದಕ್ಕೆ ಎಮ್ಮೆ ಯಾಕೋಗಬಾರ್ದು? ಇಷ್ಟು ವರ್ಸ ನಿಮ್ಗೆಲ್ಲಾ ತಲೆ ಆಡ್ಸಿವ್ನಿ. ನೀವು ಒಬ್ಬ್ರೂ ಇನ್ನೊಂದ್ ಸರ್ತಿ ಯೋಳಕಿಲ್ವಲ್ಲ, ಅದ್ಕೆ ಆಡ್ಸಿವ್ನಿ. ಇವತ್ತಿಗೆ ಮುಗೀತು. ಇನ್ನು ಈ ತಲೆ ಆಡಕಿಲ್ಲ.”

ನಗು ನಿಂತಿತು. ಅವರ ಮುಖಗಳನ್ನು ಅವಳು ಒಂದೊಂದಾಗಿ ನೋಡಿದಳು. ಗುಂಪಿನ ನಡುವೆ ಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು; ಮದುವೆಮನೆಗಳಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದವಳು ಬೀರಮ್ಮ. ಮಂಚಯ್ಯ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ಪಾಲಿನ ನ್ಯಾಯದಲ್ಲಿ ಅವಳ ತಲೆ ಆಡಿದ್ದನ್ನು ಒಪ್ಪಿಗೆ ಅಂತ ಎಣಿಸಿದವನು ಅವನೇ ಆಗಿದ್ದ.

ಅವನು ಮೈಕು ತೆಗೆದುಕೊಂಡ. ಈ ಸಲ ರೇಡಿಯೋ ಕನ್ನಡ ಮರೆತುಹೋಗಿತ್ತು. ಹಳ್ಳಿಯ ಮಾತನ್ನು ಫೋನು ಹರಕು ಮುರುಕಾಗಿ ಬರೆಯಿತು, ಆದರೂ ಅವಳಿಗೆ ಒಂದಕ್ಷರವೂ ತಪ್ಪಲಿಲ್ಲ. ಕೇಳಿಸದವಳ ತಲೆ ಒಪ್ಪಿಗೆಯಲ್ಲ. ದಾರಿ ಮೊದಲಿನ ಹಾಗೇ ಇರಬೇಕು. ತಂತಿ ಈಗಲೇ ಬಿಚ್ಚಬೇಕು, ನಾವೆಲ್ಲ ಇಲ್ಲೇ ಕೂತು ನೋಡುತ್ತೇವೆ.

ಲಿಂಗರಾಜು ಏನೋ ಹೇಳಲು ಬಾಯಿ ತೆರೆದ. ಸಣ್ಣತಾಯಮ್ಮ ಮೈಕನ್ನು ಅವನತ್ತ ಹಿಡಿದಳು. ಅವನು ಬಾಯಿ ಮುಚ್ಚಿಕೊಂಡು, ಪಂಚೆ ಎತ್ತಿಕಟ್ಟಿ ದಿಬ್ಬ ಇಳಿದ.

ಅವನು ಕೆಳಗೆ ಕಂಬದ ಹತ್ತಿರ ಬಗ್ಗಿ ತಂತಿ ಬಿಚ್ಚುತ್ತಿರುವಾಗ ಮೇಲೆ ಮೈಕು ಕೈಯಿಂದ ಕೈಗೆ ಹೋಯಿತು. ಜನ ತಾವಾಗಿಯೇ ಸಾಲಾಗಿ ಬಂದು ಅವಳ ಪಕ್ಕ ಕೂತರು. ಬೀರಮ್ಮ ಬಂದು, ಹಳೆಯ ಯಾವುದೋ ಮದುವೆಮನೆಯಲ್ಲಿ ತಾವೆಲ್ಲ ಯಾಕೆ ಅಷ್ಟು ನಕ್ಕಿದ್ದೆವು ಅನ್ನುವುದನ್ನು ಈಗ ಹೇಳಿದಳು. ಮದುವೆ ಗಂಡಿನ ಸೋದರಮಾವ ಕತ್ತಲಲ್ಲಿ ತನ್ನ ಪಂಚೆ ಅಂತ ಬೀಗಗಿತ್ತಿಯ ಸೀರೆ ಉಟ್ಟುಕೊಂಡು ಚಪ್ಪರಕ್ಕೆ ಬಂದಿದ್ದನಂತೆ. ಸಣ್ಣತಾಯಮ್ಮ ಅದನ್ನು ಓದಿ ಮುಗಿಸಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಚೆಲುವಯ್ಯ ಬಂದು, ಈ ವೈರನ್ನು ಒಂದು ದಿನದ ಮಟ್ಟಿಗೆ ಲಿಂಗರಾಜುವಿಗೆ ಕೊಡವ್ವ, ಅವನ ಹೆಂಡತಿ ಮುಂದೆ ಅವನಿಗೂ ಒಂದು ಸರದಿ ಸಿಗಲಿ ಎಂದ. ದಿಬ್ಬದ ಮೇಲೆ ನಗೆಯೋ ನಗೆ. ಅದರ ನಡುವೆ ಅವಳೂ ನಗುತ್ತಿದ್ದಳು, ಎಲ್ಲರ ಜೊತೆಗೆ, ಅವರು ನಕ್ಕಾಗಲೇ.

ಲಿಂಗರಾಜು ಸುತ್ತಿದ ಮುಳ್ಳುತಂತಿಯನ್ನು ಕೈಯಲ್ಲಿ ಹಿಡಿದು, ಬೆವರು ಸುರಿಸುತ್ತ ಮೇಲೆ ಬಂದ. ತಾನಿಲ್ಲದಾಗ ಏನು ನಡೆಯಿತೆಂದು ಅವನಿಗೆ ತಿಳಿಯಲಿಲ್ಲ. ಎಲ್ಲರೂ ಅವನನ್ನು ನೋಡಿ ಇನ್ನೊಮ್ಮೆ ನಕ್ಕರು. ಅವನು ಮುಖದಿಂದ ಮುಖಕ್ಕೆ ನೋಡಿದ, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅತ್ತಿಗೆಯ ಪಕ್ಕ ಕೂತು ಮೈಕು ಎತ್ತಿಕೊಂಡ.

‘ಏನಂತೆ ಅತ್ತಿಗೆ ಎಲ್ಲರೂ ಯಾಕೆ ನಗ್ತಿದ್ದಾರೆ’.

ಸಣ್ಣತಾಯಮ್ಮ ಅದನ್ನು ನಿಧಾನವಾಗಿ ಓದಿದಳು. ವೈರನ್ನು ಅವನ ಕೈಯಿಂದ ಬಿಡಿಸಿಕೊಂಡು ಸುತ್ತಿ ಚೀಲಕ್ಕೆ ಹಾಕಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎಮ್ಮೆಯ ಹಗ್ಗ ಬಿಚ್ಚಿ, ತೆರೆದ ದಾರಿಯ ಕಡೆಗೆ ಇಳಿಯುತ್ತ ಹೇಳಿದಳು:

“ಏನಿಲ್ಲ ಬುಡು ಲಿಂಗರಾಜು. ಆಮೇಲೆ ಯೋಳ್ತೀನಿ.”